ಪದರ ಕೇಕಿಗೆ ಊರು ಯಾವುದು?

ಬೋರ್ನಿಯೊ ದ್ವೀಪದ ವಾಯವ್ಯ ಭಾಗದಲ್ಲಿರುವ ಸರವಾಕ್, ವಿಸ್ತೀರ್ಣದಲ್ಲಿ ಮಲೇಷ್ಯಾದ ಅತಿ ದೊಡ್ಡ ರಾಜ್ಯ. ಅದರ ರಾಜಧಾನಿ ಕೂಚಿಂಗ್. 2023ರ ಡಿಸೆಂಬರಿನಲ್ಲಿ ಸಿಂಗಪುರದ ಮಗಳ ಮನೆಗೆ ಹೋಗಿದ್ದಾಗ ಅವಳ ಒತ್ತಾಯಕ್ಕೆ ಮಣಿದು ನಾನೂ ನನ್ನ ಪತ್ನಿಯೂ ಮೂರು ದಿನ ಆ ಊರಿನಲ್ಲಿದ್ದು ಬಂದೆವು. ನಗರದ ನಡುವೆ ನದಿ ಹರಿಯುತ್ತದೆ. ಈ ದಡದಲ್ಲಿ ಹೋಟೆಲು, ಅಂಗಡಿ, ಕಚೇರಿಗಳು. ಆ ದಡದಲ್ಲಿ ಮಲಯ್ ಜನರ ಹಳೆಯ ಹಳ್ಳಿಗಳು. ಚಾವಣಿಯುಳ್ಳ ಸಣ್ಣ ಮರದ ದೋಣಿಯಲ್ಲಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ದಾಟಬಹುದು. ನಾವು ದಾಟಿದ್ದು ಅಲ್ಲಿ ತಯಾರಾಗುವ 'ಕೆಕ್ ಲಾಪಿಸ್', ಅಂದರೆ ಪದರ ಕೇಕನ್ನು ನೋಡುವುದಕ್ಕೆ.

ನೋಡುವುದಕ್ಕೆ ಎಂದೇ ಹೇಳಬೇಕು. ಹೊರಗಿನಿಂದ ಅದು ಇಟ್ಟಿಗೆಯಾಕಾರದ ಸಾಧಾರಣ ಕೇಕು. ಕತ್ತರಿಸಿದಾಗ ಮಾತ್ರ ಒಳಗಿನ ವಿನ್ಯಾಸ ಕಾಣಿಸುತ್ತದೆ: ಹಸಿರು, ಕೆಂಪು, ಹಳದಿ, ಕಂದು ಬಣ್ಣಗಳ ತೆಳುಪದರಗಳು ಕೆಲವೆಡೆ ಅಡ್ಡಲಾಗಿ, ಕೆಲವೆಡೆ ಓರೆಯಾಗಿ ಸೇರಿ ನೇಯ್ಗೆಯ ಅಂಚಿನಂತಹ ಆಕೃತಿಗಳಾಗಿರುತ್ತವೆ. ಅಂಗಡಿಯ ಒಡತಿ ಸುಮಾರು ನನ್ನ ವಯಸ್ಸಿನವರು. ಹಿಂಬದಿಯ ಅಡುಗೆಮನೆಯಲ್ಲಿ ಕೆಲಸ ನಡೆಯುತ್ತಿತ್ತು. ಇದನ್ನು ಸಿಂಗಪುರದಲ್ಲಿ ಮಾಡಿ ಮಾರಬಹುದೇ ಎಂದು ಕೇಳಿದೆ. "ಮಾಡಬಹುದು. ಆದರೆ ಸರವಾಕ್ ಕೇಕು ಎಂದು ಹೇಳಬಾರದು. ಆ ಹೆಸರು ನಮ್ಮದು" ಎಂದರು. ಮರುಕ್ಷಣವೇ ನಕ್ಕು, "ಕೇಕು ಮಾತ್ರ ಇಂಡೊನೇಷ್ಯಾದಿಂದ ಬಂದದ್ದು" ಎಂದು ಸೇರಿಸಿದರು.

ಕೇಕು ಬೇರೆಯವರದು, ಹೆಸರು ನಮ್ಮದು ಎಂಬ ಈ ಮಾತಿನಲ್ಲಿ ಮೇಲ್ನೋಟಕ್ಕೆ ವಿರೋಧಾಭಾಸವಿದೆ. ಸರ್ಕಾರಿ ಸೇವೆಯಲ್ಲಿದ್ದಾಗ ನಾನು ಇಂತಹ ವಿಷಯದ ಕಡತವೊಂದನ್ನು ನಿರ್ವಹಿಸಿದ್ದವನು. ಅಂದಿನ ನನ್ನ ತಿಳಿವಳಿಕೆಯ ಪ್ರಕಾರ ಆ ಮಹಿಳೆಯ ಹಕ್ಕು ಅಲ್ಲಿಯೇ ಬಿದ್ದುಹೋಗಬೇಕಿತ್ತು. ಈಗ ಹಾಗನ್ನಿಸುವುದಿಲ್ಲ. ಏಕೆ ಎಂಬುದನ್ನು ವಿವರಿಸುವ ಪ್ರಯತ್ನ ಈ ಲೇಖನ.

ಪದರ ಕೇಕಿನ ಚರಿತ್ರೆ ಶುರುವಾಗುವುದು ಇಂದಿನ ಜಕಾರ್ತ, ಅಂದಿನ ಬಟೇವಿಯಾದಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿ 1619ರಲ್ಲಿ ಸ್ಥಾಪಿಸಿದ ಈ ನಗರದಲ್ಲಿ, ಮುಂದೆ ವಸಾಹತು ಕಾಲದ ಡಚ್ಚರ ಮತ್ತು ಮಿಶ್ರ ಸಂತತಿಯವರ ಅಡುಗೆಮನೆಗಳಲ್ಲಿ ಯುರೋಪಿನ ಬೆಣ್ಣೆ-ಮೊಟ್ಟೆಯ ಕೇಕಿಗೆ ಪೂರ್ವದ ಸಂಬಾರ ಪದಾರ್ಥಗಳು ಸೇರಿದವು. ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಜಾಪತ್ರೆ, ಏಲಕ್ಕಿ ಇವುಗಳ ಪುಡಿ ಅದರ ಜೀವಾಳ. ಒಂದು ಕೇಕಿಗೆ ಇಪ್ಪತ್ತರಿಂದ ಮೂವತ್ತು ಮೊಟ್ಟೆಯ ಹಳದಿ ಬೇಕು. ಬೆಣ್ಣೆ ಧಾರಾಳ, ಹಿಟ್ಟು ಅತ್ಯಲ್ಪ. ಹಿಟ್ಟಿನ ಮಿಶ್ರಣವನ್ನು ಅಚ್ಚಿನಲ್ಲಿ ಕೆಲವು ಮಿಲಿಮೀಟರ್ ದಪ್ಪಕ್ಕೆ ಹರಡಿ, ಮೇಲಿನಿಂದ ಶಾಖ ಕೊಟ್ಟು, ಅದು ಕಂದು ಬಣ್ಣಕ್ಕೆ ತಿರುಗಿದೊಡನೆ ಹೊರತೆಗೆದು ಮುಂದಿನ ಪದರವನ್ನು ಹರಡಬೇಕು. ಹೀಗೆ ಹದಿನೆಂಟಕ್ಕೂ ಹೆಚ್ಚು ಪದರಗಳು. ಒಂದು ನಿಮಿಷ ಹೆಚ್ಚಾದರೆ ಸೀಯುತ್ತದೆ. ಕಡಿಮೆಯಾದರೆ ಹಸಿ ಉಳಿದು ಪದರಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಮಾಡುವವರು ಎರಡು-ಮೂರು ಗಂಟೆ ಒಲೆಯ ಮುಂದಿನಿಂದ ಕದಲುವಂತಿಲ್ಲ.

ಇದರ ಪರಿಮಳದ ಹಿಂದೆ ಕಹಿಯಾದ ಇತಿಹಾಸವೂ ಇದೆ. ಆ ಕಾಲಕ್ಕೆ ಜಾಯಿಕಾಯಿಯೂ ಜಾಪತ್ರೆಯೂ ಜಗತ್ತಿಗೆಲ್ಲ ದೊರೆಯುತ್ತಿದ್ದುದು ಪೂರ್ವ ಇಂಡೊನೇಷ್ಯಾದ ಪುಟ್ಟ ಬಾಂಡಾ ದ್ವೀಪಗಳಿಂದ. ಆ ವ್ಯಾಪಾರದ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಡಚ್ ಕಂಪನಿ ಅಲ್ಲಿನ ಮೂಲನಿವಾಸಿಗಳ ಬಹುಪಾಲನ್ನು ಕೊಂದಿತು ಇಲ್ಲವೇ ಗಡೀಪಾರು ಮಾಡಿತು. ಕೇಕಿನ ಮೂಲವನ್ನು ಶುದ್ಧವಾಗಿ ಗುರುತಿಸಬೇಕೆಂದು ಹಟ ಹಿಡಿಯುವವರು ಈ ಅಧ್ಯಾಯವನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಹೆಸರಿನ ಕಥೆ ಇನ್ನೂ ಸ್ವಾರಸ್ಯಕರ. ಡಚ್ಚರು ಇದನ್ನು 'ಸ್ಪೆಕ್‌ಕೂಕ್' ಎಂದರು. ಪದರಗಳು ಹಂದಿಮಾಂಸದ ಕೊಬ್ಬಿನ ಪಟ್ಟೆಗಳಂತೆ ಕಾಣುತ್ತವೆ ಎಂಬುದಷ್ಟೇ ಕಾರಣ, ಕೇಕಿನಲ್ಲಿ ಮಾಂಸವಿಲ್ಲ. ಮುಸ್ಲಿಮರು ಬಹುಸಂಖ್ಯಾತರಾದ ಇಂಡೊನೇಷ್ಯಾದಲ್ಲಿ ಅದು 'ಲಾಪಿಸ್ ಲೆಗಿಟ್' ಆಯಿತು. ಲಾಪಿಸ್ ಎಂದರೆ ಪದರ, ಲೆಗಿಟ್ ಎಂದರೆ ಅಂಟುವಂತಹ ಗಾಢ ಸಿಹಿ. ಇಂದು ಅಲ್ಲಿ ರಂಜಾನ್ ಹಬ್ಬಕ್ಕೂ ಕ್ರಿಸ್‌ಮಸ್‌ಗೂ ಚೀನೀ ಹೊಸವರ್ಷಕ್ಕೂ ಇದೇ ಕೇಕು. ಪದರದ ಮೇಲೆ ಪದರವೆಂದರೆ ಭಾಗ್ಯದ ಮೇಲೆ ಭಾಗ್ಯ ಎಂಬುದು ಚೀನೀ ಮೂಲದವರ ನಂಬಿಕೆ. ಅತ್ತ ಇಂಡೊನೇಷ್ಯಾ ಸ್ವತಂತ್ರವಾದ ಬಳಿಕ ಸುಮಾರು ಮೂರು ಲಕ್ಷ ಜನ ನೆದರ್ಲೆಂಡ್ಸ್‌ಗೆ ವಲಸೆ ಹೋದಾಗ ಕೇಕೂ ಹಡಗು ಹತ್ತಿತು. ಈಗ ಡಚ್ಚರು ಅದನ್ನು ಇಂಡೊನೇಷ್ಯಾದ ತಿನಿಸು ಎನ್ನುತ್ತಾರೆ. ಇಂಡೊನೇಷ್ಯಾದವರು ಡಚ್ಚರ ಕಾಲದ ತಿನಿಸು ಎನ್ನುತ್ತಾರೆ.

ಈ ಕೇಕು ಸರವಾಕ್‌ನಲ್ಲಿ ಬೇರೂರಿದ್ದು ಬಹಳ ತಡವಾಗಿ, 1970-80ರ ದಶಕಗಳಲ್ಲಿ, ಇಂಡೊನೇಷ್ಯಾದ ಸಂಪರ್ಕದಿಂದ. ಆದರೆ ಅಲ್ಲಿನ ಹೆಂಗಸರು ಕಲಿತದ್ದನ್ನು ಕಲಿತಂತೆಯೇ ಒಪ್ಪಿಸಲಿಲ್ಲ. ಪದರಗಳಿಗೆ ಬಣ್ಣ ಕೊಟ್ಟರು. ಬೆಂದ ಕೇಕನ್ನು ಸೀಳಿ, ತುಂಡುಗಳನ್ನು ತಿರುಗಿಸಿ, ಜಾಮ್ ಸವರಿ ಮತ್ತೆ ಜೋಡಿಸಿ ಚಿತ್ತಾರ ಮೂಡಿಸಿದರು. ಸಂಬಾರದ ಜಾಗಕ್ಕೆ ಚಾಕೊಲೇಟು, ಒಣದ್ರಾಕ್ಷಿ, ನಮ್ಮ ಮನೆಗಳಲ್ಲಿ ಮಕ್ಕಳು ಕುಡಿಯುವ ಹಾರ್ಲಿಕ್ಸು ಕೂಡ ಬಂತು. ಮಲಯ್, ಚೀನೀ, ಇಬಾನ್, ಬಿದಾಯು ಎಂಬ ಭೇದವಿಲ್ಲದೆ ಯಾರ ಹಬ್ಬವಾದರೂ ಅತಿಥಿಗಳ ಮುಂದೆ ಈ ಕೇಕಿನ ತಟ್ಟೆ ಬರುತ್ತದೆ. ದೀಪಾವಳಿಯೂ ಇದಕ್ಕೆ ಹೊರತಲ್ಲ. ಮಲೇಷ್ಯಾದ ಬೌದ್ಧಿಕ ಆಸ್ತಿ ನಿಗಮವು ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ನೀಡಿದೆ. ಸರವಾಕ್‌ನಲ್ಲಿ, ನಿಗದಿತ ವಿಧಾನದಲ್ಲಿ ತಯಾರಾದದ್ದು ಮಾತ್ರ ಆ ಹೆಸರಿಗೆ ಅರ್ಹ.

ಇಲ್ಲಿ ಆಕ್ಷೇಪವೊಂದು ಸಹಜ. ಈ ಕೇಕಿನಲ್ಲಿ ಸರವಾಕ್‌ನ ಮಣ್ಣಿನದೇನಿದೆ? ಗೋಧಿ ಆಮದು. ಬೆಣ್ಣೆ ನ್ಯೂಜಿಲೆಂಡಿನಿಂದ ಡಬ್ಬಿಗಳಲ್ಲಿ ಬಂದದ್ದು. ಹಾಲಿನ ಹೈನುಗಾರಿಕೆ ಹೆಚ್ಚಿಲ್ಲದ ಉಷ್ಣ ದೇಶದಲ್ಲಿ ಇದು ಅನಿವಾರ್ಯ; ಜಕಾರ್ತದ ಬಾಣಸಿಗರೂ ಉತ್ತಮ ಲಾಪಿಸ್ ಲೆಗಿಟ್‌ಗೆ ಡಚ್ ಡಬ್ಬಿಬೆಣ್ಣೆಯೇ ಬೇಕೆನ್ನುತ್ತಾರೆ. ಡಾರ್ಜಿಲಿಂಗ್ ಚಹಾದ ವಿಷಯ ಬೇರೆ. ಅದರ ರುಚಿಗೆ ಆ ಬೆಟ್ಟದ ಮಣ್ಣು, ಮಂಜುಗಳೇ ಆಧಾರ. ಕೊಡಗಿನ ಕಿತ್ತಳೆಗೂ ನಂಜನಗೂಡಿನ ರಸಬಾಳೆಗೂ ಅದೇ ಮಾತು ಅನ್ವಯಿಸುತ್ತದೆ. ಕೇಕಿನಲ್ಲಿ ಊರಿನದೆಂದು ಹೇಳಬಹುದಾದದ್ದು ಒಂದೇ: ಕೈಯ ಕಸುಬು. ಆ ಕಸುಬು ಒಂದು ಜಾಗದಲ್ಲಿ ಅನೇಕ ಮನೆಗಳಲ್ಲಿ ನೆಲೆಸಿ, ಪರಸ್ಪರ ಸ್ಪರ್ಧೆಯಿಂದ ಬೆಳೆದು, ಹೊರಗಿನವರು ಹೆಸರು ಹಿಡಿದು ಕೇಳುವ ಮಟ್ಟಕ್ಕೆ ಬಂದಿದೆಯೇ ಎಂಬುದು ಮುಖ್ಯ ಪ್ರಶ್ನೆ. ಸರವಾಕ್‌ನ ಮಹಿಳೆಯರು ಆ ಪರೀಕ್ಷೆಯಲ್ಲಿ ಗೆಲ್ಲುತ್ತಾರೆ. ಅವರ ಹಕ್ಕು ಹುಟ್ಟಿಸಿದವರ ಹಕ್ಕಲ್ಲ, ಸಾಕಿ ಬೆಳೆಸಿದವರ ಹಕ್ಕು.

ಹುಟ್ಟನ್ನೇ ಆಧಾರ ಮಾಡಿಕೊಂಡರೆ ಎಂತಹ ಗೊಂದಲವಾಗುತ್ತದೆ ಎಂಬುದಕ್ಕೆ ಇದೇ ಕೇಕಿನ ಬಡ ದಾಯಾದಿಗಳನ್ನು ನೋಡಬೇಕು. ಅವಕ್ಕೆ ಬೆಣ್ಣೆ, ಮೊಟ್ಟೆ ಬೇಡ. ಅಕ್ಕಿಹಿಟ್ಟು, ಮರಗೆಣಸಿನ ಹಿಟ್ಟು, ತೆಂಗಿನ ಹಾಲು, ಸಕ್ಕರೆಗಳನ್ನು ಕಲಸಿ, ಒಂದೊಂದೇ ಪದರವನ್ನು ಹಬೆಯಲ್ಲಿ ಬೇಯಿಸುವ 'ಕುಇ ಲಾಪಿಸ್' ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾಗಳ ಬೀದಿಬೀದಿಗಳಲ್ಲಿ ಸಿಗುತ್ತದೆ. ಮೊಟ್ಟೆ ಮುಟ್ಟದ ನನ್ನ ಪತ್ನಿ ಇದನ್ನು ಸಂತೋಷದಿಂದ ತಿಂದು, "ಇದು ನಮ್ಮ ಹಾಲುಬಾಯಿಯ ತಂಗಿ" ಎಂದು ತೀರ್ಪು ಕೊಟ್ಟಳು. ಥಾಯ್ಲೆಂಡ್‌ನಲ್ಲಿ ಇದು 'ಖನೋಮ್ ಚಾನ್'. ಅಲ್ಲಿ ಒಂಬತ್ತು ಪದರಗಳಿರುವುದು ಶುಭ; ಥಾಯ್ ಭಾಷೆಯಲ್ಲಿ ಒಂಬತ್ತು ಎಂಬ ಶಬ್ದಕ್ಕೂ ಮುನ್ನಡೆ ಎಂಬ ಶಬ್ದಕ್ಕೂ ಉಚ್ಚಾರಣೆಯಲ್ಲಿ ಸಾಮ್ಯವಿರುವುದರಿಂದ ಮದುವೆಗೂ ಬಡ್ತಿಗೂ ಇದು ಒಪ್ಪುವ ಸಿಹಿ. ವಿಯೆಟ್ನಾಂನಲ್ಲಿ ಹೆಸರುಬೇಳೆ ಸೇರಿಸಿದ 'ಬಾನ್ ಜಾ ಲೋನ್' ಇದೆ. ಆ ಹೆಸರಿನ ಅರ್ಥ ಹಂದಿಚರ್ಮದ ಕೇಕು. ಇಲ್ಲಿಯೂ ಹಂದಿ ಹೆಸರಿಗೆ ಮಾತ್ರ. ಫಿಲಿಪ್ಪೀನ್ಸ್‌ನಲ್ಲಿ ಅಂಟಕ್ಕಿಯ 'ಸಾಪಿನ್ ಸಾಪಿನ್' ಇದೆ. ಅಕ್ಕಿ, ತೆಂಗು ಇರುವಲ್ಲೆಲ್ಲ ಈ ಬುದ್ಧಿ ಹೊಳೆದಿದೆ ಅಥವಾ ಕೈಯಿಂದ ಕೈಗೆ ದಾಟಿದೆ. ಇದರ ಜನ್ಮಸ್ಥಳ ಹುಡುಕುವುದು ನದಿಯ ಮೂಲ ಹುಡುಕಿದಂತೆ.

ನಮ್ಮ ನೆರೆಯ ಗೋವಾದ 'ಬೆಬಿಂಕ' ಈ ಬಳಗಕ್ಕೆ ದೂರದ್ದಲ್ಲ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ತುಪ್ಪ, ಜಾಯಿಕಾಯಿ; ಪದರ ಹರಡಿ, ಮೇಲೆ ತೆಂಗಿನ ಸಿಪ್ಪೆಯ ಕೆಂಡವಿಟ್ಟು ಬೇಯಿಸುವ ಅದೇ ತಾಳ್ಮೆ. ಅದನ್ನು ಹೋಲುವ ಹೆಸರಿನ ತಿನಿಸುಗಳು ಮಕಾವು, ಮಲೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲೂ ಇವೆ. 1510ರಲ್ಲಿ ಗೋವಾವನ್ನೂ ಮರುವರ್ಷ ಮಲಾಕ್ಕಾವನ್ನೂ ಹಿಡಿದ ಪೋರ್ಚುಗೀಸರ ಹಡಗುಗಳ ದಾರಿಯಲ್ಲಿ ಯಾವುದು ಯಾವ ದಿಕ್ಕಿಗೆ ಹೋಯಿತೆಂದು ವಾದಿಸುತ್ತ ಕೂರಬಹುದು. 2023ರಲ್ಲಿ ಗೋವಾದ ಬೆಬಿಂಕಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿಯೇ. ಆದರೆ ಮೂವತ್ತು ವರ್ಷಗಳ ಹಿಂದೆ ನಾನು ಕಾರವಾರದಲ್ಲಿ ಸೇವೆಯಲ್ಲಿದ್ದಾಗ, ಗೋವಾ ಮೂಲದ ನೆರೆಮನೆಯವರು ಪ್ರತಿ ಕ್ರಿಸ್‌ಮಸ್‌ಗೆ ನಮ್ಮ ಮಕ್ಕಳಿಗಾಗಿ ಬೆಬಿಂಕ ಕಳುಹಿಸುತ್ತಿದ್ದರು. ಆ ತಾಯಿಯ ಅಜ್ಜಿ ಕಲಿಸಿದ ಪಾಕಕ್ಕೆ ರಾಜ್ಯದ ಗಡಿಯ ಪರಿವೆ ಇರಲಿಲ್ಲ. ಕಾನೂನಿಗೆ ಗಡಿ ಬೇಕು, ನಿಜ. ಕಾನೂನಿನ ಗಡಿಯೇ ಸಂಸ್ಕೃತಿಯ ಗಡಿ ಎಂದು ನಾವು ಭ್ರಮಿಸಬಾರದು.

ಈ ಭ್ರಮೆ ಎಷ್ಟು ಕಹಿಯಾಗಬಲ್ಲದು ಎಂಬುದಕ್ಕೆ ಇಂಡೊನೇಷ್ಯಾ-ಮಲೇಷ್ಯಾಗಳ ನಡುವಿನ ಜಗಳಗಳೇ ಸಾಕ್ಷಿ. 2007ರಲ್ಲಿ ಮಲೇಷ್ಯಾದ ಪ್ರವಾಸೋದ್ಯಮ ಪ್ರಚಾರಕ್ಕೆ ಬಳಸಿದ ಒಂದು ಜನಪದ ಹಾಡಿನ ಬಗ್ಗೆ, 2009ರಲ್ಲಿ ಬಾಲಿಯ ಪೆಂಡೆಟ್ ನೃತ್ಯದ ಬಗ್ಗೆ ಇಂಡೊನೇಷ್ಯಾದಲ್ಲಿ ಜನ ಬೀದಿಗಿಳಿದರು. ನಾವೇನೂ ಕಡಿಮೆಯಲ್ಲ. ರಸಗುಲ್ಲಕ್ಕಾಗಿ ಬಂಗಾಳ, ಒಡಿಶಾಗಳು ಕಾದಾಡಿ, ಕೊನೆಗೆ 2017ರಲ್ಲಿ ಒಂದಕ್ಕೆ, 2019ರಲ್ಲಿ ಇನ್ನೊಂದಕ್ಕೆ ಪ್ರತ್ಯೇಕ ಮಾನ್ಯತೆ ದೊರೆಯಿತು. ಮೈಸೂರುಪಾಕು ತಮಿಳುನಾಡಿನ ಪಾಲಾಯಿತಂತೆ ಎಂಬ ವದಂತಿ ಸಾಮಾಜಿಕ ಜಾಲತಾಣಗಳಲ್ಲಿ ಎಬ್ಬಿಸಿದ ಕೋಲಾಹಲವನ್ನು ಓದುಗರು ಮರೆತಿರಲಾರರು. ಆ ದಿನಗಳಲ್ಲಿ ಸಿಟ್ಟಾದವರಲ್ಲಿ ನಾನೂ ಒಬ್ಬ. ಮೈಸೂರುಪಾಕು ಮಾಡುವ ಕೆಲಸಗಾರನ ದಿನಗೂಲಿ ಎಷ್ಟು ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ.

ಬೇರೆ ದಾರಿಯೂ ಇದೆ ಎಂಬುದನ್ನು ಅದೇ ಆಗ್ನೇಯ ಏಷ್ಯಾ ತೋರಿಸಿಕೊಟ್ಟಿದೆ. 'ಪಂತುನ್' ಎಂಬ ಚೌಪದಿಯ ಪರಂಪರೆಯನ್ನು 2020ರಲ್ಲಿ ಇಂಡೊನೇಷ್ಯಾ ಮತ್ತು ಮಲೇಷ್ಯಾ ಜಂಟಿಯಾಗಿ ಯುನೆಸ್ಕೊ ಪಟ್ಟಿಗೆ ಸೇರಿಸಿದವು. ಹೆಂಗಸರ 'ಕೆಬಾಯ' ಉಡುಪಿಗೆ 2024ರಲ್ಲಿ ಬ್ರೂನೈ, ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಐದೂ ದೇಶಗಳು ಒಟ್ಟಾಗಿ ಹಕ್ಕುದಾರರಾದವು. ಹಂಚಿಕೊಂಡದ್ದರಿಂದ ಯಾರ ಪಾಲೂ ಕಡಿಮೆಯಾಗಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಭೌಗೋಳಿಕ ಸೂಚಕದ ಸಮರ್ಥನೆ ಕಷ್ಟವಲ್ಲ. ಮಾರುವವನಿಗೆ ಸರಕಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆಗ ಕಳಪೆ ಸರಕು ಉತ್ತಮ ಸರಕನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. ಕೇಕಿಗೂ ಅದೇ ಕಥೆ. ಬೆಣ್ಣೆಯ ಬದಲು ಅಗ್ಗದ ಮಾರ್ಗರೀನ್ ಹಾಕಿದ್ದು ಪೆಟ್ಟಿಗೆಯ ಮೇಲಿನಿಂದ ತಿಳಿಯುವುದಿಲ್ಲ. ಊರಿನ ಹೆಸರು ಒಂದು ಭರವಸೆಯಾಗಿ ಕೆಲಸ ಮಾಡಿದರೆ ಒಳ್ಳೆಯ ಕೇಕಿಗೆ ಒಳ್ಳೆಯ ಬೆಲೆ ಬರುತ್ತದೆ. ಆ ಹೆಚ್ಚುವರಿ ಬೆಲೆ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಸಿದ್ಧಾಂತ ಉತ್ತರಿಸುವುದಿಲ್ಲ, ಆಡಳಿತ ಉತ್ತರಿಸಬೇಕು.

ಈ ಮಾತನ್ನು ಹೇಳುವಾಗ ನನ್ನ ಕಡತದ ನೆನಪು ಚುಚ್ಚುತ್ತದೆ. ಹದಿನೈದು ವರ್ಷಗಳಿಗೂ ಹಿಂದೆ, ನಮ್ಮ ರಾಜ್ಯದ ಒಂದು ಕೈಕಸುಬಿನ ಉತ್ಪನ್ನಕ್ಕೆ ಮಾನ್ಯತೆ ಕೋರುವ ಅರ್ಜಿಯ ಹೊಣೆ ನನ್ನದಾಗಿತ್ತು. ಯಾವ ವಸ್ತು, ಯಾವ ಕಚೇರಿ ಎಂಬುದು ಇಲ್ಲಿ ಅಪ್ರಸ್ತುತ. ಅದರ ಪ್ರಾಚೀನತೆಯನ್ನು ಸಾಬೀತುಪಡಿಸಲು ಗೆಜೆಟಿಯರುಗಳಿಂದ, ಹಳೆಯ ಪ್ರವಾಸಿಗರ ಬರಹಗಳಿಂದ ಪುಟಗಟ್ಟಲೆ ಪುರಾವೆ ಕಲೆಹಾಕಿದೆವು. ಮಾಡುವವರ ಕುರಿತು ಬರೆದದ್ದು ಅರ್ಧ ಪುಟ. ಮಾನ್ಯತೆ ಬಂತು, ಸಮಾರಂಭವಾಯಿತು, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು. ನಿವೃತ್ತಿಯ ನಂತರ ಆ ಕಡೆ ಹೋದಾಗ, ಅರ್ಜಿಯೊಂದಿಗೆ ಲಗತ್ತಿಸಿದ್ದ ಛಾಯಾಚಿತ್ರದಲ್ಲಿದ್ದ ಕುಶಲಕರ್ಮಿಯ ಮನೆ ಹುಡುಕಿದೆ. ಅವರು ತೀರಿಕೊಂಡಿದ್ದರು. ಮಗ ಪಕ್ಕದ ಪಟ್ಟಣದಲ್ಲಿ ಆಟೊ ಓಡಿಸುತ್ತಿದ್ದ. ಮಾನ್ಯತೆಯ ವಿಷಯ ಅವನು ಕೇಳಿರಲೇ ಇಲ್ಲ. "ಅದರಿಂದ ನಮಗೇನಾದರೂ ಸಿಗಬೇಕಿತ್ತೇ ಸಾರ್?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ಕಾನೂನಿನ ಪ್ರಕಾರ ಅವನ ತಂದೆ ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳಬಹುದಿತ್ತು. ಅರ್ಜಿ ನಮೂನೆಯನ್ನು ಅವರ ಮನೆಗೆ ತಲುಪಿಸುವ ಕೆಲಸ ನನ್ನದಾಗಿತ್ತು. ನಾನು ಮಾಡಿರಲಿಲ್ಲ.

ನಮ್ಮ ಭೌಗೋಳಿಕ ಸೂಚಕ ಕಾಯ್ದೆ ರೂಪುಗೊಂಡದ್ದು 1999ರಲ್ಲಿ, ಜಾರಿಯಾದದ್ದು 2003ರಲ್ಲಿ. ಇಂದು ದೇಶದಲ್ಲಿ ಆರುನೂರಕ್ಕೂ ಹೆಚ್ಚು, ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ಉತ್ಪನ್ನಗಳು ನೋಂದಣಿಯಾಗಿವೆ. ಸಂಖ್ಯೆಯನ್ನು ಏರಿಸುವ ಉತ್ಸಾಹದಲ್ಲಿ ನಾವು ಮೂರು ಸಂಗತಿಗಳನ್ನು ಮರೆಯುತ್ತಿದ್ದೇವೆ. ಮೊದಲನೆಯದು, ನೋಂದಾಯಿತ ವಸ್ತುವಿನ ತಯಾರಕರ ಪಟ್ಟಿ. ಊರುವಾರು ಅಂತಹ ಪಟ್ಟಿ ಸಿದ್ಧಪಡಿಸಿ, ಅವರನ್ನು ಅಧಿಕೃತ ಬಳಕೆದಾರರನ್ನಾಗಿಸುವ ಹೊಣೆಯನ್ನು ಅರ್ಜಿ ಹಾಕಿದ ಸಂಸ್ಥೆಯ ಮೇಲೆಯೇ ಹೊರಿಸಬೇಕು. ಎರಡನೆಯದು, ಲೆಕ್ಕ. ನೋಂದಣಿಯನ್ನು ಹತ್ತು ವರ್ಷಗಳಿಗೊಮ್ಮೆ ನವೀಕರಿಸಬೇಕೆಂಬ ನಿಯಮವಿದೆ. ಆಗ ಶುಲ್ಕದ ಜೊತೆಗೆ, ಮಾಡುವವರು ಎಷ್ಟು ಮಂದಿ ಉಳಿದಿದ್ದಾರೆ, ಅವರ ಆದಾಯ ಹೆಚ್ಚಿತೇ ಎಂಬ ವರದಿಯನ್ನೂ ಕೇಳಬೇಕು. ಮೂರನೆಯದು, ಬದಲಾವಣೆಗೆ ಅವಕಾಶ. ಬಟೇವಿಯಾದ ಪಾಕವನ್ನು ಯಾರಾದರೂ ಕಲ್ಲಿನಲ್ಲಿ ಕೆತ್ತಿಟ್ಟಿದ್ದರೆ ಸರವಾಕ್‌ನ ಕೇಕು ಹುಟ್ಟುತ್ತಲೇ ಇರಲಿಲ್ಲ. ಅಳತೆ, ಶುದ್ಧತೆಗಳ ನಿಯಮ ಬಿಗಿಯಾಗಿರಲಿ. ಚಿತ್ತಾರ ಮತ್ತು ರುಚಿಯ ತೀರ್ಮಾನ ಮಾಡುವವರಿಗೆ ಬಿಟ್ಟಿರಲಿ.

ಇಷ್ಟೆಲ್ಲ ಮಾಡಿದರೆ ಕಸುಬು ಉಳಿದೇ ಉಳಿಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಕೂಚಿಂಗ್‌ನ ಆ ಅಂಗಡಿಯಲ್ಲಿ ಹೊರಡುವ ಮುನ್ನ ಒಡತಿಯ ಮಕ್ಕಳ ಬಗ್ಗೆ ವಿಚಾರಿಸಿದೆ. ಮಗಳು ಕೌಲಾಲಂಪುರದಲ್ಲಿ ಬ್ಯಾಂಕ್ ಉದ್ಯೋಗಿ, ಹಬ್ಬಕ್ಕೆ ಬಂದಾಗ ಒಂದೆರಡು ಕೇಕು ಮಾಡುತ್ತಾಳೆ ಎಂದರು. ಅಡುಗೆಮನೆಯಲ್ಲಿದ್ದ ಇಬ್ಬರು ಹುಡುಗಿಯರನ್ನು ತೋರಿಸಿ, "ಇವರಿಗೆ ಕಲಿಸುತ್ತಿದ್ದೇನೆ. ಚೆನ್ನಾಗಿ ಸಂಬಳ ಕೊಟ್ಟರೆ ಇರುತ್ತಾರೆ" ಎಂದರು. ನಾನು ಪುಟಗಟ್ಟಲೆ ಪುರಾವೆಯ ಕಡತದಲ್ಲಿ ಬರೆಯಬೇಕಾಗಿದ್ದ ವಾಕ್ಯ ಅದೇ ಆಗಿತ್ತು.